ಬೆರಳಲ್ಲಿ 98, ಮಾಸಿನಲ್ಲಿ ಕೊರತೆ: ಅದು ಹೇಗೆ?

ಪ್ರಶ್ನೆ: ನನ್ನ ಹೆಂಡತಿಗೆ 29 ವರ್ಷ. ಚೊಚ್ಚಲ ಬಸಿರು, ಈಗ 22 ವಾರ. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗು ಚೆನ್ನಾಗಿದೆ ಎಂದಿದ್ದಾರೆ. ಆದರೆ ವರದಿಯ ಕೊನೆಯಲ್ಲಿ, ಗರ್ಭಕೋಶದ ಅಪಧಮನಿಗಳ ಸರಾಸರಿ ಪಿಐ 1.72, ಎರಡೂ ಕಡೆ ನಾಚ್ ಇದೆ ಎಂದು ಬರೆದಿದೆ. ಮಾಸಿಗೆ ಆಕ್ಸಿಜನ್ ಸರಿಯಾಗಿ ಸಿಗದೆ ಮುಂದೆ ಬಿಪಿ ಏರಬಹುದು, ಪ್ರಿ-ಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ಮೂತ್ರಪಿಂಡ, ಲಿವರ್‌ನಂಥ ಅಂಗಗಳಿಗೂ ತೊಂದರೆಯಾಗುವ ಕಾಯಿಲೆ) ಆಗಬಹುದು, ಎಚ್ಚರವಾಗಿರಿ ಎಂದು ಡಾಕ್ಟರು ಹೇಳಿದರು. ಸದ್ಯಕ್ಕೆ ಬಿಪಿ 116/74. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿದರೆ 98 ತೋರಿಸುತ್ತದೆ. ಹಾಗಿದ್ದರೆ ಕೊರತೆ ಎಲ್ಲಿ? ಆಗಲೇ ಕೊಂಡ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೂಡ ಮನೆಯಲ್ಲಿದೆ, ದಿನಕ್ಕೆ ಒಂದೆರಡು ಗಂಟೆ ಹಾಕಬಹುದೇ? ಬೆಂಗಳೂರು ಎತ್ತರದಲ್ಲಿರುವುದು ಇದಕ್ಕೆ ಕಾರಣವೇ? ಸೀಮಂತ ಮುಗಿಸಿ ತವರು ಹಿರಿಯೂರಿಗೆ ಕಳಿಸಬಹುದೇ?
ಬನಶಂಕರಿಯ ಓದುಗರೊಬ್ಬರು

ಉತ್ತರ: ಕಾನ್ಸನ್‌ಟ್ರೇಟರ್ ಅಟ್ಟದ ಮೇಲೇ ಇರಲಿ. ಅದರಿಂದ ಉಪಯೋಗವಿಲ್ಲ. ನಿಮ್ಮ ಆಕ್ಸಿಮೀಟರ್ ಸುಳ್ಳು ಹೇಳುತ್ತಿಲ್ಲ, ಡಾಕ್ಟರು ಹೇಳಿದ್ದೂ ತಪ್ಪಲ್ಲ. ಅವೆರಡೂ ಬೇರೆ ಬೇರೆ ಜಾಗದ ಮಾತು. ಬೆರಳಿಗೆ ಹಾಕಿದ ಯಂತ್ರ ಹೇಳುವುದು ತಾಯಿಯ ರಕ್ತ ಎಷ್ಟು ಆಕ್ಸಿಜನ್ ಹೊತ್ತಿದೆ ಎಂಬುದನ್ನು. ಆ ರಕ್ತ ಮಾಸಿನ ಒಳಕ್ಕೆ ಎಷ್ಟು ಹೋಗುತ್ತಿದೆ, ಯಾವ ರಭಸದಲ್ಲಿ ಹೋಗುತ್ತಿದೆ, ಒಂದೇ ಸಮನೆ ಹೋಗುತ್ತಿದೆಯೇ ಎಂಬುದು ಬೆರಳಿಗೆ ಗೊತ್ತಾಗುವುದಿಲ್ಲ. ಸಂಪಿನಲ್ಲಿ ನೀರು ತುಂಬಿದ್ದರೂ ಮೂರನೇ ಮಹಡಿಯ ನಲ್ಲಿಯಲ್ಲಿ ಬಿಟ್ಟು ಬಿಟ್ಟು ಬರುವುದುಂಟಲ್ಲ, ಅಂಥದ್ದು. ಸಂಪಿಗೆ ಇನ್ನೊಂದು ಟ್ಯಾಂಕರ್ ನೀರು ಸುರಿದರೆ ಪೈಪು ಅಗಲವಾಗುವುದಿಲ್ಲ.

ಆ ಪೈಪುಗಳ ಕಥೆಯನ್ನೇ ಸ್ವಲ್ಪ ವಿವರವಾಗಿ ಹೇಳಬೇಕು. ಅದು ತಿಳಿದರೆ ನಿಮ್ಮ ಮಿಕ್ಕ ಪ್ರಶ್ನೆಗಳು ಅರ್ಧ ಬಗೆಹರಿದಂತೆ.

ಮಾಸು, ಹಳ್ಳಿ ಕಡೆ ಕಸ ಎನ್ನುತ್ತಾರೆ, ಮಗುವಿನ ಕಡೆಯಿಂದ ಬೆಳೆದು ಬರುವ ಅಂಗ. ಅದರ ಬೇರಿನಂಥ ಕವಲುಗಳು ಗರ್ಭಕೋಶದ ಗೋಡೆಗೆ ಅಂಟಿದ ಒಂದು ಪೊಳ್ಳಿನೊಳಗೆ ಇಳಿಬಿದ್ದಿರುತ್ತವೆ. ತಾಯಿಯ ರಕ್ತ ಆ ಪೊಳ್ಳಿಗೆ ಬಂದು ಕವಲುಗಳನ್ನು ತೋಯಿಸಿ ಹಿಂದಿರುಗುತ್ತದೆ. ರಕ್ತ ತರುವುದು ಗರ್ಭಕೋಶದ ಗೋಡೆಯೊಳಗಿನ ಸುರುಳಿ ಅಪಧಮನಿಗಳು, ಮಾಸಿನ ಅಡಿಗೆ ಇಂಥವು ನೂರಕ್ಕೂ ಹೆಚ್ಚು. ಬಸಿರಿಲ್ಲದಾಗ ಇವು ಅರ್ಧ ಮಿಲಿಮೀಟರ್‌ಗೂ ಕಿರಿದಾದ, ಸ್ನಾಯುವಿನ ಗಟ್ಟಿ ಗೋಡೆಯಿರುವ ಪುಟ್ಟ ನಾಳಗಳು. ಮೈಗೆ ಚಳಿಯಾದರೆ, ಗಾಬರಿಯಾದರೆ ಬಿಗಿದುಕೊಳ್ಳುವ ಸ್ವಭಾವ. ಬಸಿರಿಲ್ಲದ ಗರ್ಭಕೋಶಕ್ಕೆ ನಿಮಿಷಕ್ಕೆ 50 ಮಿಲಿ ಆಸುಪಾಸು ರಕ್ತ ಸಾಕು, ದಿನ ತುಂಬುವ ಹೊತ್ತಿಗೆ 600 ಮಿಲಿಗೂ ಮೀರಿ ಬೇಕು. ಹಳೆಯ ನಾಳದಲ್ಲಿ ಇದು ಸಾಗದು.

ಹಾಗಾಗಿ ಮಾಸಿನ ಹೊರಪದರದ ಕೋಶಗಳು, ಟ್ರೋಫೋಬ್ಲಾಸ್ಟ್ ಎಂದು ಅವುಗಳ ಹೆಸರು, ಗರ್ಭಕೋಶದ ಗೋಡೆಯೊಳಗೆ ನುಗ್ಗಿ ಈ ನಾಳಗಳ ಸ್ನಾಯುವನ್ನು ಕರಗಿಸಿ ತೆಗೆಯುತ್ತವೆ. ಗೋಡೆ ಸಡಿಲವಾಗಿ ಬಾಯಿ 2ರಿಂದ 3 ಮಿಲಿಮೀಟರ್‌ವರೆಗೆ ತುತ್ತೂರಿಯಂತೆ ಅರಳುತ್ತದೆ. ಆಮೇಲೆ ಅದು ಬಿಗಿದುಕೊಳ್ಳುವ ನಾಳವೇ ಅಲ್ಲ, ತೆರೆದ ಕಾಲುವೆ. ಈ ಕೆಲಸ ಮೊದಲ ಮೂರು ತಿಂಗಳಲ್ಲೇ ಶುರುವಾಗಿ ಸುಮಾರು 20ನೇ ವಾರದ ಹೊತ್ತಿಗೆ ಮುಗಿಯುತ್ತದೆ, ಗರ್ಭಕೋಶದ ಸ್ನಾಯುಪದರದ ಒಳಗಿನ ಮೂರನೇ ಒಂದು ಭಾಗದವರೆಗೂ ತಲುಪುತ್ತದೆ. 20ನೇ ವಾರ ಎಂಬುದನ್ನು ನೆನಪಿಡಿ, ಮಾತ್ರೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಇಲ್ಲೊಂದು ಸಂಗತಿ ಹಲವರಿಗೆ ತಿಳಿದಿರುವುದಿಲ್ಲ. ಮೊದಲ ಹತ್ತು ವಾರ ಮಾಸಿನಲ್ಲಿ ಆಕ್ಸಿಜನ್ ಕಡಿಮೆ ಇರುವುದೇ ಸರಿ. ಆಗ ಆ ಟ್ರೋಫೋಬ್ಲಾಸ್ಟ್ ಕೋಶಗಳೇ ಸುರುಳಿ ನಾಳಗಳ ಬಾಯಿಗೆ ಬಿರಡೆ ಹಾಕಿದಂತೆ ಕೂತಿರುತ್ತವೆ. 8ನೇ ವಾರದ ಸುಮಾರಿಗೆ ಮಾಸಿನ ಪೊಳ್ಳಿನಲ್ಲಿ ಆಕ್ಸಿಜನ್ ಒತ್ತಡ ಹೆಚ್ಚುಕಡಿಮೆ 20 ಮಿಮೀ ಪಾದರಸ, ತಾಯಿಯ ಅಪಧಮನಿಯಲ್ಲಿ ಅದು 100ರ ಹತ್ತಿರ. ಬಿರಡೆ ಕಳಚಿ 12ನೇ ವಾರದ ಹೊತ್ತಿಗೆ 60ಕ್ಕೆ ಏರುತ್ತದೆ. ಎಳೆ ಭ್ರೂಣಕ್ಕೆ ಹೆಚ್ಚು ಆಕ್ಸಿಜನ್ ತಾಳಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅವಧಿಗೆ ಮುಂಚೆ, ಎಲ್ಲ ಕಡೆಯೂ ಬಿರಡೆ ಕಿತ್ತು ಹೋದ ಬಸಿರುಗಳಲ್ಲಿ ಗರ್ಭಪಾತವಾಗುವುದುಂಟು. ಆದ್ದರಿಂದ ಆಕ್ಸಿಜನ್ ಕಡಿಮೆ ಎಂದ ಕೂಡಲೇ ಕಾಯಿಲೆ ಎಂದುಕೊಳ್ಳಬಾರದು. ಯಾವ ವಾರದಲ್ಲಿ, ಎಷ್ಟು ಹೊತ್ತು, ಯಾವ ಬಗೆಯಲ್ಲಿ ಎಂಬುದು ಮುಖ್ಯ.

ಪ್ರಿ-ಎಕ್ಲಾಂಪ್ಸಿಯಾ ಆಗುವ ಹಲವು ಬಸಿರುಗಳಲ್ಲಿ, ಅದರಲ್ಲೂ 34 ವಾರಕ್ಕೆ ಮುಂಚೆಯೇ ಕಾಣಿಸಿಕೊಳ್ಳುವ ಬಗೆಯಲ್ಲಿ, ಈ ನಾಳ ಅಗಲಿಸುವ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಟ್ರೋಫೋಬ್ಲಾಸ್ಟ್‌ಗಳು ಮೇಲುಪದರದಲ್ಲೇ ಉಳಿದು ಸ್ನಾಯುಪದರದವರೆಗೆ ಇಳಿದಿರುವುದಿಲ್ಲ. ಬ್ರೋಸೆನ್ಸ್, ರಾಬರ್ಟ್‌ಸನ್, ಡಿಕ್ಸನ್ ಎಂಬ ಮೂವರು ಸೂಕ್ಷ್ಮದರ್ಶಕದಲ್ಲಿ ಕಂಡ ಈ ವ್ಯತ್ಯಾಸವನ್ನು 1972ರಲ್ಲಿ ಪ್ರಕಟಿಸಿದರು. ಯಾಕೆ ನಿಲ್ಲುತ್ತದೆ ಎಂಬುದಕ್ಕೆ ತಾಯಿಯ ರೋಗನಿರೋಧಕ ಕೋಶಗಳು ಮಗುವಿನ ಕಡೆಯ ಕೋಶಗಳನ್ನು ಎಷ್ಟು ಒಳಗೆ ಬಿಟ್ಟುಕೊಳ್ಳುತ್ತವೆ ಎಂಬುದೂ ಒಂದು ಕಾರಣ. ಚೊಚ್ಚಲ ಬಸಿರಿನಲ್ಲೇ ಈ ಕಾಯಿಲೆ ಹೆಚ್ಚು ಕಾಣುವುದಕ್ಕೂ ಅದಕ್ಕೂ ನಂಟಿದೆ ಎಂದು ನಂಬಲಾಗಿದೆ.

ನಾಳ ಕಿರಿದಾಗಿ ಉಳಿದರೆ ರಕ್ತ ಕಡಿಮೆ ಬರುತ್ತದೆ, ಆಕ್ಸಿಜನ್ ಕಡಿಮೆಯಾಗುತ್ತದೆ ಎಂದು ಎಲ್ಲರೂ ವಿವರಿಸುತ್ತಾರೆ. ನಿಜ, ಆದರೆ ಅಷ್ಟೇ ಅಲ್ಲ. ಗದ್ದೆಗೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬು ಅಗಲವಾಗಿದ್ದರೆ ನೀರು ಮೆಲ್ಲಗೆ ಹರಡಿಕೊಂಡು ಎಲ್ಲ ಪೈರಿನ ಬುಡಕ್ಕೂ ಹೋಗುತ್ತದೆ. ಕಿರಿದಾಗಿದ್ದರೆ ಚಿಮ್ಮಿ ಬಂದು ಎದುರಿಗಿರುವ ಸಸಿಯ ಬುಡ ಕೊರೆಯುತ್ತದೆ, ಪಕ್ಕದ ಸಸಿಗೆ ಹನಿಯೂ ಸಿಗದು. ಅರಳಿದ ಸುರುಳಿ ನಾಳದಿಂದ ರಕ್ತ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ಒಳಗೆ ಬರುತ್ತದೆ. ಅರಳದ ನಾಳದಿಂದ ಸೆಕೆಂಡಿಗೆ ಒಂದು ಮೀಟರ್‌ಗೂ ಮೀರಿ ಪಿಚಕಾರಿಯಂತೆ ಬರಬಹುದು ಎಂದು ಲೆಕ್ಕ ಹಾಕಿದ್ದಾರೆ. ಆ ರಭಸಕ್ಕೆ ಮಾಸಿನ ಕವಲುಗಳು ಹರಿದು, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವು ಭಾಗ ಸತ್ತೇ ಹೋಗುತ್ತವೆ. ಹೆರಿಗೆಯಾದ ಮೇಲೆ ಪೆಥಾಲಜಿಗೆ ಕಳಿಸಿದ ಮಾಸಿನಲ್ಲಿ ಇದೆಲ್ಲ ಎದ್ದು ಕಾಣುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ಸ್ನಾಯು ಉಳಿದುಕೊಂಡ ನಾಳ ಆಗಾಗ ಬಿಗಿಯುತ್ತದೆ, ಆಗಾಗ ಸಡಿಲವಾಗುತ್ತದೆ. ಮಾಸಿಗೆ ಆಕ್ಸಿಜನ್ ಇಳಿದು, ಏರಿ, ಮತ್ತೆ ಇಳಿಯುತ್ತದೆ. ಒಂದೇ ಸಮನೆ ಕಡಿಮೆ ಇದ್ದರೆ ಜೀವಕೋಶ ಹೇಗೋ ಹೊಂದಿಕೊಳ್ಳುತ್ತದೆ. ಏರಿಳಿತ ತಾಳಿಕೊಳ್ಳುವುದು ಕಷ್ಟ. ಕರೆಂಟು ಹೋಗಿದ್ದಕ್ಕಿಂತ ಹೋಗಿ ಬಂದು ಹೋಗಿ ಬಂದಾಗಲೇ ಫ್ರಿಜ್ಜು ಕೆಡುವುದು. ಆಕ್ಸಿಜನ್ ಇಳಿದಾಗ ಕೋಶದಲ್ಲಿ ಕೆಲವು ರಾಸಾಯನಿಕಗಳು ಕೂಡಿಕೊಂಡಿರುತ್ತವೆ, ರಕ್ತ ಮತ್ತೆ ನುಗ್ಗಿದ ಕ್ಷಣ ಅವು ಆಕ್ಸಿಜನ್ ಜೊತೆ ಸೇರಿ ಕೋಶವನ್ನೇ ಸುಡುವಂಥ ಫ್ರೀ ರ‍್ಯಾಡಿಕಲ್‌ಗಳಾಗುತ್ತವೆ. ಹೃದಯಾಘಾತದಲ್ಲಿ ಮುಚ್ಚಿದ ನಾಳ ತೆರೆದಾಗ ಆಗುವ ಹಾನಿಯ ಬಗೆಯೇ ಇದು. ಪ್ರಿ-ಎಕ್ಲಾಂಪ್ಸಿಯಾದ ಮಾಸಿನಲ್ಲಿ ಕಾಣುವ ಹಾನಿಗೆ ಬರೀ ಕೊರತೆಗಿಂತ ಈ ಏರಿಳಿತವೇ ಚೆನ್ನಾಗಿ ಹೊಂದುವ ವಿವರಣೆ ಎಂಬುದು ನಮ್ಮ ಅಭಿಪ್ರಾಯ.

ಸರಿ, ತೊಂದರೆ ಇರುವುದು ಮಾಸಿನಲ್ಲಿ. ತಾಯಿಯ ಬಿಪಿ ಯಾಕೆ ಏರಬೇಕು, ಮೂತ್ರದಲ್ಲಿ ಪ್ರೋಟೀನ್ ಯಾಕೆ ಹೋಗಬೇಕು?

ಮಾಸೇ ಕಾರಣ ಎಂಬುದಕ್ಕೆ ಹಳೆಯ ಪುರಾವೆ ಒಂದಿದೆ. ಮೋಲಾರ್ ಬಸಿರು ಎಂಬುದರಲ್ಲಿ ಮಗುವೇ ಇರುವುದಿಲ್ಲ, ದ್ರಾಕ್ಷಿಗೊಂಚಲಿನಂತೆ ಬರೀ ಮಾಸಿನ ಅಂಶ ಬೆಳೆಯುತ್ತದೆ. ಅಲ್ಲೂ ಪ್ರಿ-ಎಕ್ಲಾಂಪ್ಸಿಯಾ ಬರುತ್ತದೆ, 20 ವಾರಕ್ಕೆ ಮುಂಚೆಯೇ ಬರಬಹುದು. ರಕ್ತ ಸಾಲದ ಮಾಸಿನಿಂದಲೇ ಕಾಯಿಲೆ ಹುಟ್ಟುತ್ತದೆ ಎಂದು ಅರ್ನೆಸ್ಟ್ ಪೇಜ್ 1939ರಲ್ಲೇ ವಾದಿಸಿದ್ದರು. ಆದರೆ ಮಾಸಿನಿಂದ ತಾಯಿಯ ಮೈಗೆ ಹೋಗುವ ಆ ವಸ್ತು ಯಾವುದು ಎಂದು ಹಿಡಿಯಲು ಇನ್ನೂ ಅರವತ್ತು ಚಿಲ್ಲರೆ ವರ್ಷ ಬೇಕಾಯಿತು.

ಆಕ್ಸಿಜನ್ ಕಡಿಮೆಯಾದಾಗ ಜೀವಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಏರುತ್ತದೆ. ಜೀವಕೋಶ ಆಕ್ಸಿಜನ್ನನ್ನು ಗುರುತಿಸುವ ಈ ಬಗೆಯನ್ನು ಕಂಡುಹಿಡಿದದ್ದಕ್ಕೇ 2019ರ ವೈದ್ಯಕೀಯ ನೊಬೆಲ್ ಬಂದದ್ದು. ಮಾಸಿನಲ್ಲಿ ಎಚ್‌ಐಎಫ್ ಏರಿದರೆ ಎಸ್‌ಫ್ಲಿಟ್-1 ಎಂಬ ಇನ್ನೊಂದು ಪ್ರೋಟೀನ್ ಹೆಚ್ಚು ತಯಾರಾಗಿ ತಾಯಿಯ ರಕ್ತಕ್ಕೆ ಸೇರುತ್ತದೆ. ಇದರ ಕೆಲಸ ವಿಚಿತ್ರ. ತಾಯಿಯ ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡಲು ವಿಇಜಿಎಫ್, ಪಿಎಲ್‌ಜಿಎಫ್ ಎಂಬ ಎರಡು ಪೋಷಕ ಪ್ರೋಟೀನ್‌ಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ. ಎಸ್‌ಫ್ಲಿಟ್-1 ದಾರಿಯಲ್ಲೇ ಅವನ್ನು ಹಿಡಿದು ಕಟ್ಟಿಹಾಕುತ್ತದೆ. ಮನೆಗೆ ಬರಬೇಕಾದ ಹಾಲನ್ನು ಗೇಟಿನಲ್ಲೇ ಯಾರೋ ಎತ್ತಿಕೊಂಡು ಹೋದ ಹಾಗೆ. ಪೋಷಣೆ ಸಿಗದ ಒಳಪದರ ಎಲ್ಲ ಕಡೆ ಕೆಡುತ್ತದೆ. ನಾಳ ಬಿಗಿದು ಬಿಪಿ ಏರುತ್ತದೆ. ಮೂತ್ರಪಿಂಡದ ಜರಡಿ ಹಾಳಾಗಿ ಪ್ರೋಟೀನ್ ಸೋರುತ್ತದೆ. ಲಿವರ್, ಮಿದುಳು, ಪ್ಲೇಟ್‌ಲೆಟ್ ಯಾವುದಕ್ಕೂ ವಿನಾಯಿತಿಯಿಲ್ಲ.

2003ರಲ್ಲಿ ಬಾಸ್ಟನ್ನಿನಲ್ಲಿ ಭಾರತ ಮೂಲದ ವೈದ್ಯ ವಿಜ್ಞಾನಿ ಅನಂತ್ ಕರುಮಂಚಿ ಅವರ ತಂಡ ಈ ಪ್ರೋಟೀನನ್ನು ಇಲಿಗಳಲ್ಲಿ ಹೆಚ್ಚಿಸಿ ನೋಡಿತು. ಬಸಿರಿಲ್ಲದ ಇಲಿಗೂ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಯಿತು. ಮರುವರ್ಷ ಬಂದ ಅಧ್ಯಯನದಲ್ಲಿ, ಕಾಯಿಲೆ ಕಾಣಿಸಿಕೊಳ್ಳುವ ಸುಮಾರು 5 ವಾರ ಮೊದಲೇ ಎಸ್‌ಫ್ಲಿಟ್-1 ಏರಿರುವುದು ತಿಳಿಯಿತು. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ ಪಡೆಯುವವರಿಗೂ, ಗಂಡಸರಿಗೂ ಕೂಡ, ಇದೇ ಜೋಡಿ ತೊಂದರೆ ಬರುತ್ತದೆ: ಏರಿದ ಬಿಪಿ, ಮೂತ್ರದಲ್ಲಿ ಪ್ರೋಟೀನ್. ಹಿಂದಿನವರು ಈ ಕಾಯಿಲೆಯನ್ನು ನಂಜು ಎನ್ನುತ್ತಿದ್ದರು. ನಂಜೆಂದರೆ ವಿಷ. ಬಹುಕಾಲ ಆ ಹೆಸರನ್ನು ಅವೈಜ್ಞಾನಿಕ ಎಂದು ತಳ್ಳಿಹಾಕಿದ್ದೆವು; ಈಗ ನೋಡಿದರೆ ತೀರಾ ತಪ್ಪಾಗಿರಲಿಲ್ಲ.

ಒಂದು ಎಚ್ಚರಿಕೆ. ಎಲ್ಲ ಪ್ರಿ-ಎಕ್ಲಾಂಪ್ಸಿಯಾವೂ ಹೀಗೇ ಹುಟ್ಟುವುದಿಲ್ಲ. 34 ವಾರ ದಾಟಿ, ಅದರಲ್ಲೂ ದಿನ ತುಂಬುವ ಹೊತ್ತಿಗೆ ಬರುವುದೇ ಹೆಚ್ಚು. ಅವರಲ್ಲಿ ಅನೇಕರ ಡಾಪ್ಲರ್ (ಸ್ಕ್ಯಾನ್‌ನಲ್ಲಿ ರಕ್ತದ ಹರಿವು ನೋಡುವ ಪರೀಕ್ಷೆ) ಸರಿಯಾಗಿತ್ತು, ಮಗುವಿನ ತೂಕವೂ ಸರಿಯಿತ್ತು. ಅಲ್ಲಿ ಮಾಸು ತಾನೇ ದೊಡ್ಡದಾಗಿ ಬೆಳೆದು ಕವಲುಗಳು ಒತ್ತೊತ್ತಾಗಿ ಜಾಗ ಸಾಲದಾಗುತ್ತದೆ, ಇಲ್ಲವೇ ತಾಯಿಯ ತೂಕ, ಸಕ್ಕರೆ ಕಾಯಿಲೆ, ಮೊದಲಿನಿಂದಲೂ ಇದ್ದ ಬಿಪಿ ನಾಳಗಳನ್ನು ಸೋಲಿಸಿರುತ್ತವೆ. ಡಾಪ್ಲರ್ ಸರಿ ಬಂದವರೂ ಬಿಪಿ ನೋಡಿಸುವುದನ್ನು ಬಿಡಬಾರದು ಎನ್ನುವುದು ಇದಕ್ಕೇ.

ಇನ್ನು ನಿಮ್ಮ ಯಂತ್ರದ ಲೆಕ್ಕ. 100 ಮಿಲಿ ರಕ್ತದಲ್ಲಿ 11 ಗ್ರಾಂ ಹಿಮೋಗ್ಲೋಬಿನ್ ಇದ್ದು, 98 ಶೇಕಡಾ ತುಂಬಿದ್ದರೆ, ಗ್ರಾಮಿಗೆ 1.34 ಮಿಲಿಯಂತೆ ಅದು ಹೊರುವ ಆಕ್ಸಿಜನ್ ಸುಮಾರು 14.4 ಮಿಲಿ. ರಕ್ತದಲ್ಲಿ ಕರಗಿರುವುದು ಇನ್ನೊಂದು 0.3. ಕಾನ್ಸನ್‌ಟ್ರೇಟರ್ ಹಾಕಿದರೆ 98 ಎಂಬುದು 100 ಆಗುತ್ತದೆ, ಕರಗಿದ ಪಾಲು ಒಂದಿಷ್ಟು ಏರುತ್ತದೆ. ಎಲ್ಲ ಸೇರಿ ಅರ್ಧ ಮಿಲಿ ಆಸುಪಾಸು ಲಾಭ. ಅದೇ ಹಿಮೋಗ್ಲೋಬಿನ್ 8 ಇರುವವರು 11ಕ್ಕೆ ಬಂದರೆ ಲಾಭ ಸುಮಾರು 4 ಮಿಲಿ. ಅಂದರೆ ಆಕ್ಸಿಜನ್ ಬಗ್ಗೆ ನಿಜವಾಗಿ ಕಾಳಜಿಯಿದ್ದರೆ ಹಣ ಖರ್ಚು ಮಾಡಬೇಕಾದ್ದು ಸಿಬಿಸಿ ರಕ್ತಪರೀಕ್ಷೆಗೆ ಮತ್ತು ಕಬ್ಬಿಣದ ಮಾತ್ರೆಗೆ. ಹೆಚ್ಚು ಆಕ್ಸಿಜನ್ ರಕ್ತನಾಳಗಳನ್ನು ಬಿಗಿಸುವ ಗುಣವನ್ನೂ ಹೊಂದಿದೆ, ಮೊದಲೇ ಕಿರಿದಾದ ನಾಳಕ್ಕೆ ಅದು ಬೇಕಿಲ್ಲ. ಹಾಗೆಂದು ಬಸಿರಿನ ನಡುವೆ ಹಿಮೋಗ್ಲೋಬಿನ್ 14 ಇದೆ ಎಂದು ಬೀಗುವುದೂ ಬೇಡ. ಬಸಿರಿನಲ್ಲಿ ರಕ್ತದ ನೀರಿನಂಶ ಹೆಚ್ಚಿ ಅದು ಸ್ವಲ್ಪ ತೆಳುವಾಗಬೇಕು. ಆಗದಿದ್ದರೆ ಅದೂ ಗಮನಿಸಬೇಕಾದ ಸೂಚನೆ.

ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಎತ್ತರಕ್ಕೂ ಈ ಕಾಯಿಲೆಗೂ ನಂಟು ಇರುವುದು ನಿಜವೇ, ಆದರೆ ಅದು ಕಂಡಿರುವುದು 3000 ಮೀಟರ್ ಆಸುಪಾಸಿನ ಊರುಗಳಲ್ಲಿ. ಅಮೆರಿಕದ ಕೊಲೊರಾಡೊದ ಲೆಡ್‌ವಿಲ್ 3100 ಮೀಟರ್ ಎತ್ತರದಲ್ಲಿದೆ, ಅಲ್ಲಿ ಪ್ರಿ-ಎಕ್ಲಾಂಪ್ಸಿಯಾ ಹೆಚ್ಚು, ಮಕ್ಕಳ ತೂಕ ಕಡಿಮೆ. ನಮ್ಮ ದೇಶದಲ್ಲಿ ಲೇಹ್‌ಗೆ ಆ ಮಾತು ಹೇಳಬಹುದು. ಬನಶಂಕರಿಗೆ ಹೇಳುವಂತಿಲ್ಲ, ನಿಮ್ಮ ಆಕ್ಸಿಮೀಟರ್ ತೋರಿಸಿದ 98 ಅದಕ್ಕೇ ಸಾಕ್ಷಿ.

ಪಿಐ 1.72 ಎಂದರೇನು? ಸ್ಕ್ಯಾನ್ ಮಾಡಿದವರು ಗರ್ಭಕೋಶಕ್ಕೆ ರಕ್ತ ತರುವ ಎಡ, ಬಲ ಎರಡೂ ದೊಡ್ಡ ಅಪಧಮನಿಗಳಲ್ಲಿ ಹರಿವು ನೋಡಿ ಮುಂದೆ ಎಷ್ಟು ಅಡ್ಡಿ ಇದೆ ಎಂದು ಅಳೆದಿದ್ದಾರೆ, ಆ ಅಳತೆಯೇ ಪಿಐ; ಸಂಖ್ಯೆ ಹೆಚ್ಚಿದಷ್ಟೂ ಅಡ್ಡಿ ಹೆಚ್ಚು. 20ರಿಂದ 24 ವಾರದಲ್ಲಿ ಸರಾಸರಿ ಸುಮಾರು 1.45 ದಾಟಿದರೆ ಅದು ನೂರರಲ್ಲಿ ಮೇಲಿನ ಐವರ ಗುಂಪು. ನಾಚ್ ಎಂಬುದು ಅಲೆಯಲ್ಲಿ ಕಾಣುವ ಕಚ್ಚು, ನಾಳ ಇನ್ನೂ ಬಿಗಿಯಾಗಿದೆ ಎಂಬುದರ ಗುರುತು; ಅದಕ್ಕಿಂತ ಪಿಐ ಸಂಖ್ಯೆಗೇ ಈಗ ಹೆಚ್ಚು ಬೆಲೆ. ಇದು ಕಾಯಿಲೆಯ ಪತ್ತೆ ಅಲ್ಲ, ಮುನ್ಸೂಚನೆ. ಇಂಥ ವರದಿ ಬಂದವರಲ್ಲಿ ಬಹುಪಾಲು ಹೆಂಗಸರಿಗೆ ಪ್ರಿ-ಎಕ್ಲಾಂಪ್ಸಿಯಾ ಬರುವುದಿಲ್ಲ. ಆದರೆ ಬೇಗ ಬರುವ ತೀವ್ರ ಬಗೆಯವರು ಇದೇ ಗುಂಪಿನಲ್ಲಿ ಹೆಚ್ಚು ಸಿಗುತ್ತಾರೆ. ಹೊಕ್ಕುಳಬಳ್ಳಿಯ ಡಾಪ್ಲರ್ ಬೇರೆ, ಅದು ಮಗುವಿನ ಕಡೆಯ ಹರಿವು. ವರದಿ ಓದುವಾಗ ಇವೆರಡನ್ನು ಕಲೆಸಿಕೊಂಡು ಹೆದರುವವರು ತುಂಬಾ ಇದ್ದಾರೆ. ನಿಮ್ಮ ವರದಿಯಲ್ಲಿರುವುದು ತಾಯಿಯ ಕಡೆಯದು.

ಈಗ ಏನು ಮಾಡಬೇಕು ಎಂಬ ಮಾತು. ಆಸ್ಪಿರಿನ್ ಬಗ್ಗೆ ಮೊದಲು ಹೇಳುತ್ತೇವೆ, ಏಕೆಂದರೆ ಇದರಲ್ಲಿ ಗೊಂದಲ ಹೆಚ್ಚು. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಹೆಚ್ಚಿರುವವರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ 36ನೇ ವಾರದವರೆಗೆ ರಾತ್ರಿ 150 ಮಿಗ್ರಾಂ ಕೊಟ್ಟರು. 37 ವಾರಕ್ಕೆ ಮುಂಚಿನ ಪ್ರಿ-ಎಕ್ಲಾಂಪ್ಸಿಯಾ 4.3ರಿಂದ 1.6 ಶೇಕಡಾಕ್ಕೆ ಇಳಿಯಿತು. ಲಾಭ ಸಿಗುವುದು 16 ವಾರದೊಳಗೆ ಶುರುಮಾಡಿದರೆ. 20ನೇ ವಾರವನ್ನು ನೆನಪಿಡಿ ಎಂದಿದ್ದು ಇದಕ್ಕೆ: ನಾಳ ಅಗಲವಾಗುವ ಕೆಲಸ ಮುಗಿದ ಮೇಲೆ ಬರುವ ಮಾತ್ರೆ ಏನು ಮಾಡೀತು? 23ನೇ ವಾರದಲ್ಲಿ ಡಾಪ್ಲರ್ ಕೆಟ್ಟಿದ್ದನ್ನು ನೋಡಿ ಆಸ್ಪಿರಿನ್ ಶುರುಮಾಡಿದ ಅಧ್ಯಯನವೊಂದರಲ್ಲಿ ಲಾಭ ಕಾಣಲಿಲ್ಲ. ಆದರೂ ಕೆಲವು ಮಾರ್ಗಸೂಚಿಗಳು 28 ವಾರದವರೆಗೂ ಶುರುಮಾಡಲು ಬಿಡುತ್ತವೆ, ಹಾಗಾಗಿ ನಿಮ್ಮ ಡಾಕ್ಟರು ಬರೆದುಕೊಟ್ಟಿದ್ದರೆ ತಪ್ಪದೆ ಕೊಡಿ. ಬರೆದಿಲ್ಲದಿದ್ದರೆ ನೀವಾಗಿ ಅಂಗಡಿಯಿಂದ ತರಬೇಡಿ. ಹೊಟ್ಟೆಹುಣ್ಣು, ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇದ್ದವರಿಗೆ ಅದು ಆಗದು.

ಕ್ಯಾಲ್ಸಿಯಂ ಕಡಿಮೆ ತಿನ್ನುವವರಿಗೆ ಅದನ್ನು ಕೊಟ್ಟರೆ ಪ್ರಿ-ಎಕ್ಲಾಂಪ್ಸಿಯಾ ಕಡಿಮೆಯಾಗುತ್ತದೆ. ಸರ್ಕಾರದ ಮಾರ್ಗಸೂಚಿಯಂತೆ 14ನೇ ವಾರದಿಂದ 500 ಮಿಗ್ರಾಂ ಮಾತ್ರೆ ದಿನಕ್ಕೆರಡು, ಊಟದ ಜೊತೆ. ಕಬ್ಬಿಣದ ಮಾತ್ರೆಯ ಜೊತೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಡುವೆ 2 ಗಂಟೆ ಅಂತರ ಬೇಕು. ಮಧ್ಯಾಹ್ನ, ರಾತ್ರಿ ಊಟಕ್ಕೆ ಕ್ಯಾಲ್ಸಿಯಂ, ಬೆಳಗಿನ ತಿಂಡಿಯಾಗಿ 2 ಗಂಟೆ ಬಿಟ್ಟು ಕಬ್ಬಿಣ ಎಂದು ಇಟ್ಟುಕೊಂಡರೆ ಗೋಜಿರದು. 100 ಗ್ರಾಂ ರಾಗಿಯಲ್ಲಿ 350 ಮಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಹಿರಿಯೂರಿನ ಮಗಳಿಗೆ ಮುದ್ದೆ ತಿನ್ನಿ ಎಂದು ಹೇಳಬೇಕಾಗಿಲ್ಲವೇನೋ. ಅದರೊಂದಿಗೆ ಮಾತ್ರೆಯೂ ಇರಲಿ.

ಉಪಯೋಗವಿಲ್ಲದವನ್ನೂ ಹೇಳಬೇಕು. ಫ್ರೀ ರ‍್ಯಾಡಿಕಲ್ ಮಾತು ಕೇಳಿದ ಮೇಲೆ ವಿಟಮಿನ್ ಸಿ, ಇ ಕೊಟ್ಟರಾಯಿತಲ್ಲ ಎನಿಸುತ್ತದೆ. 2006ರಲ್ಲಿ ಎರಡು ದೊಡ್ಡ ಅಧ್ಯಯನಗಳು ಅದನ್ನೇ ಮಾಡಿ ನೋಡಿದವು, ಪ್ರಿ-ಎಕ್ಲಾಂಪ್ಸಿಯಾ ಕಡಿಮೆಯಾಗಲಿಲ್ಲ. ಉಪ್ಪು ಪೂರ್ತಿ ಬಿಡುವುದರಿಂದಲೂ ತಡೆಯಲಾಗದು. ಹಾಸಿಗೆ ಹಿಡಿದು ಮಲಗುವುದರಿಂದ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಡಾಕ್ಟರು ಬೇಡ ಎನ್ನದಿದ್ದರೆ ದಿನಾ ಅರ್ಧ ಗಂಟೆ ನಡೆಯಲಿ. 28 ವಾರದ ನಂತರ ಅಂಗಾತ ಮಲಗುವುದು ಬೇಡ, ಮಗ್ಗುಲಾಗಿ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದು. ಹರಿವು ಹೆಚ್ಚಿಸುತ್ತದೆಂದು ಸಿಲ್ಡೆನಾಫಿಲ್ ಮಾತ್ರೆಯ ಸಲಹೆ ಬಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಬೆಳವಣಿಗೆ ಕುಂಠಿತವಾದ ಶಿಶುಗಳಿಗಾಗಿ ಅದನ್ನು ಪರೀಕ್ಷಿಸುತ್ತಿದ್ದ ನೆದರ್‌ಲ್ಯಾಂಡ್ಸ್ ಅಧ್ಯಯನವನ್ನು ಹುಟ್ಟಿದ ಮಕ್ಕಳ ಶ್ವಾಸಕೋಶದ ತೊಂದರೆಯ ಕಾರಣಕ್ಕೆ 2018ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನೀವು ನಿಜವಾಗಿ ಮಾಡಬಹುದಾದ್ದು ಬಿಪಿ ಅಳೆಯುವುದು. ಆಕ್ಸಿಮೀಟರ್ ಒಳಗಿಟ್ಟು ತೋಳಿಗೆ ಕಟ್ಟುವ ಬಿಪಿ ಯಂತ್ರ ತನ್ನಿ, ಮಣಿಕಟ್ಟಿನದು ಬೇಡ. ಬಸಿರಿಯರಲ್ಲಿ ಪರೀಕ್ಷಿಸಿ ಒಪ್ಪಿದ ಮಾದರಿಯೇ ಎಂದು ಕೇಳಿಕೊಳ್ಳಿ, ಏಕೆಂದರೆ ಪ್ರಿ-ಎಕ್ಲಾಂಪ್ಸಿಯಾದಲ್ಲಿ ಕೆಲವು ಯಂತ್ರಗಳು ನಿಜಕ್ಕಿಂತ ಕಡಿಮೆ ತೋರಿಸುತ್ತವೆ. ಕೊಂಡ ಮೇಲೆ ಒಮ್ಮೆ ಡಾಕ್ಟರ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸಿ. ತೋಳಿನ ಸುತ್ತಳತೆ ಅಳೆದು ಪಟ್ಟಿ ತೆಗೆದುಕೊಳ್ಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಅಳೆಯಿರಿ. ಮಾತು ಬೇಡ, ಫೋನೂ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಮಗ್ಗುಲಾಗಿ ಮಲಗಿ ಮೇಲಿನ ತೋಳಲ್ಲಿ ನೋಡಿದರೆ ಸುಳ್ಳೇ ಕಡಿಮೆ ಬರುತ್ತದೆ. ಈಗ ವಾರಕ್ಕೆರಡು ಸಲ, 28 ವಾರದ ನಂತರ ದಿನಕ್ಕೊಮ್ಮೆ. ಎಲ್ಲವನ್ನೂ ತಾರೀಖು, ಹೊತ್ತು ಹಾಕಿ ಬರೆದಿಡಿ.

ಮನೆಯಲ್ಲಿ 135/85 ದಾಟಲು ಶುರುವಾದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ. 140/90 ಎರಡು ಸಲ, 4 ಗಂಟೆ ಅಂತರದಲ್ಲಿ ಬಂದರೆ ಅದು ಬಿಪಿ ಎಂದೇ ಲೆಕ್ಕ, ಅದೇ ದಿನ ತೋರಿಸಿ. 160/110 ಮುಟ್ಟಿದರೆ 15 ನಿಮಿಷ ಬಿಟ್ಟು ಮತ್ತೆ ನೋಡಿ, ಹಾಗೇ ಇದ್ದರೆ ಆಸ್ಪತ್ರೆಗೆ ಹೊರಡಿ. ಮೇಲಿನದೊಂದೇ 160 ಆದರೂ, ಕೆಳಗಿನದೊಂದೇ 110 ಆದರೂ ಹೊರಡಬೇಕು. ಮೂತ್ರದ ಕಡ್ಡಿ ಪರೀಕ್ಷೆಯಲ್ಲಿ ಒಂದು ಪ್ಲಸ್ ಬಿಳಿಸೆರಗಿನಿಂದಲೂ ಬರಬಹುದು, ಅದಕ್ಕೇ ನಡುಧಾರೆಯ ಮೂತ್ರ ಹಿಡಿಯಬೇಕು. ಅನುಮಾನವಿದ್ದರೆ ಲ್ಯಾಬ್‌ನಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ನೋಡಿಸುತ್ತಾರೆ, 0.3 ಗಡಿ. ಪ್ರೋಟೀನ್ ಇಲ್ಲದೆಯೂ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಇಳಿದರೆ, ಲಿವರ್ ಅಥವಾ ಮೂತ್ರಪಿಂಡದ ಪರೀಕ್ಷೆ ಕೆಟ್ಟರೆ ಅದೂ ಪ್ರಿ-ಎಕ್ಲಾಂಪ್ಸಿಯಾವೇ. ಎಸ್‌ಫ್ಲಿಟ್-1, ಪಿಎಲ್‌ಜಿಎಫ್ ಅನುಪಾತವನ್ನು ದೊಡ್ಡ ಲ್ಯಾಬ್‌ಗಳ ಮೂಲಕ ಮಾಡಿಸಬಹುದು. 38 ಅಥವಾ ಕಡಿಮೆ ಇದ್ದರೆ ಮುಂದಿನ ಒಂದು ವಾರ ಕಾಯಿಲೆ ಬರುವ ಸಾಧ್ಯತೆ ತೀರಾ ಕಡಿಮೆ. ಆದರೆ ಅದು ಅನುಮಾನ ಬಂದಾಗ ಮಾಡಿಸುವ ಪರೀಕ್ಷೆ. ಈಗ ಬಿಪಿ 116/74 ಇರುವಾಗ ದುಡ್ಡು ಸುರಿಯಬೇಕಾಗಿಲ್ಲ.

ಕಾಲು ಊದಿಕೊಳ್ಳುವುದು ಆರೋಗ್ಯವಂತ ಬಸಿರಿಯರಲ್ಲೂ ಸಾಮಾನ್ಯ, ಒಂದೆರಡು ದಿನದಲ್ಲಿ ಮುಖ, ಕೈ ಊದಿದರೆ ಗಮನಿಸಿ. ಮೋಸ ಮಾಡುವುದು ಇನ್ನೊಂದು ನೋವು. ಎದೆಗೂಡಿನ ಕೆಳಗೆ, ನಡುವೆ ಅಥವಾ ಬಲಕ್ಕೆ ಬರುವ ನೋವನ್ನು ಮನೆಯಲ್ಲಿ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾರೆ. ಅದು ಲಿವರ್ ಊದಿದ ನೋವಾಗಿರಬಹುದು. 20 ವಾರದ ನಂತರ ಇಂಥ ನೋವು ಬಂದರೆ ಬಿಪಿ ನೋಡದೆ ಆಸಿಡಿಟಿ ಮಾತ್ರೆ ಕೊಡಬಾರದು. ಬಿಡದ ತಲೆನೋವು, ಕಣ್ಣ ಮುಂದೆ ಮಿಣುಕು ಅಥವಾ ಮಂಜು, ಉಸಿರುಗಟ್ಟುವಿಕೆ, ಮಗುವಿನ ಓಡಾಟ ಕಡಿಮೆಯಾಗುವುದು, ರಕ್ತ ಹೋಗುವುದು, ಇವಕ್ಕೂ ಅಷ್ಟೇ, ರಾತ್ರಿಯಾದರೆ ಬೆಳಗಾಗಲಿ ಎನ್ನಬೇಡಿ.

ಬಿಪಿ ಏರಿದರೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಮಾತ್ರೆಗಳಿವೆ. ಅವು ತಾಯಿಯ ಮಿದುಳಿನ ನಾಳ ಒಡೆಯದಂತೆ ಕಾಯುತ್ತವೆಯೇ ಹೊರತು ಮಾಸನ್ನು ಸರಿಮಾಡುವುದಿಲ್ಲ. ಮಾಸಿನ ಹರಿವು ತಾಯಿಯ ಬಿಪಿಯನ್ನೇ ನಂಬಿಕೊಂಡಿರುವುದರಿಂದ ಬಿಪಿಯನ್ನು ತಟ್ಟನೆ, ಅತಿಯಾಗಿ ಇಳಿಸುವುದೂ ತಪ್ಪು. ಕೆಳಗಿನ ಅಂಕಿ 85ರ ಸುತ್ತ ಇರುವಂತೆ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಹಿರಿಯರು ನುಂಗುವ ಬಿಪಿ ಮಾತ್ರೆಯನ್ನು ಮಾತ್ರ ಕೊಡಬೇಡಿ. ಅವುಗಳಲ್ಲಿ ಟೆಲ್ಮಿಸಾರ್ಟಾನ್, ಎನಲಾಪ್ರಿಲ್‌ನಂಥವು ಮಗುವಿನ ಮೂತ್ರಪಿಂಡ ಕೆಡಿಸುತ್ತವೆ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ. 2002ರ ಮ್ಯಾಗ್‌ಪೈ ಅಧ್ಯಯನದಲ್ಲಿ ಅದು ಫಿಟ್ಸ್ ಅಪಾಯವನ್ನು ಅರ್ಧಕ್ಕೂ ಕೆಳಗಿಳಿಸಿತು. ಕಾಯಿಲೆಯ ಬೇರು ಹೋಗುವುದು ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆಯೇ. ಅದಕ್ಕೇ 37 ವಾರದಲ್ಲಿ ಹೆರಿಗೆ ಮಾಡಿಸುತ್ತಾರೆ. ತೀವ್ರವಾಗಿದ್ದರೆ 34ಕ್ಕೇ, ಕೆಲವೊಮ್ಮೆ ಇನ್ನೂ ಮುಂಚೆ, ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು.

ಇದರಿಂದಲೇ ತವರಿನ ಪ್ರಶ್ನೆಗೂ ಉತ್ತರ ಬರುತ್ತದೆ. ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಅದಕ್ಕೆ ತಡೆಯಿಲ್ಲ. ಆದರೆ ಏಳನೇ ತಿಂಗಳಿಗೆ ಊರು ಬದಲಿಸಿದರೆ ಈ ವರದಿ ಗೊತ್ತಿರುವ ಡಾಕ್ಟರ ಕೈ ತಪ್ಪುತ್ತದೆ, ಅದೂ ಅಪಾಯ ಏರುವ ಹೊತ್ತಿಗೆ ಸರಿಯಾಗಿ. 28, 32, 36ನೇ ವಾರಗಳ ಸ್ಕ್ಯಾನ್‌ನಲ್ಲಿ ಮಗುವಿನ ತೂಕ, ಹೊಕ್ಕುಳಬಳ್ಳಿಯ ಹರಿವು ನೋಡಬೇಕು. ಒಬ್ಬರೇ ನೋಡುತ್ತಿದ್ದರೆ ಇಳಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಹಿರಿಯೂರಿನಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್. 30 ವಾರದ ಮಗುವಿಗೆ ಎನ್ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬೇಕಾದರೆ, ತಾಯಿಗೆ ಪ್ಲೇಟ್‌ಲೆಟ್ ಬೇಕಾದರೆ, ಆ ದೂರ ಚಿಕ್ಕದಲ್ಲ. ನಮ್ಮ ಸಲಹೆ: ಅಮ್ಮನೇ ಬನಶಂಕರಿಗೆ ಬಂದಿರಲಿ, ಹೆರಿಗೆ ಇಲ್ಲೇ ಆಗಲಿ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ತೋರಿಸುತ್ತಿದ್ದರೆ ಅಲ್ಲಿ ಎನ್ಐಸಿಯು, ರಕ್ತನಿಧಿ ವ್ಯವಸ್ಥೆ ಇದೆಯೇ ಎಂದು ಈಗಲೇ ಕೇಳಿ. ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂದು ತಿಳಿದುಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ವಾಣಿ ವಿಲಾಸದಂಥ ದೊಡ್ಡ ಹೆರಿಗೆ ಆಸ್ಪತ್ರೆ ನಿಮಗೆ ದೂರವೇನಲ್ಲ. ಹೋಗಲೇಬೇಕಾದರೆ ತಾಯಿ ಕಾರ್ಡ್, ಈ ಡಾಪ್ಲರ್ ವರದಿ, ಬಿಪಿ ಪುಸ್ತಕ ಮೂರೂ ಜೊತೆಗಿರಲಿ, ತಲುಪಿದ ವಾರದಲ್ಲೇ ಅಲ್ಲಿಯ ಸ್ತ್ರೀರೋಗ ತಜ್ಞರಿಗೆ ತೋರಿಸಿ. ತುರ್ತಿಗೆ 108.

ಹೆರಿಗೆಯಾದ ಮೇಲೆ ಬಿಪಿ ಯಂತ್ರ ಎತ್ತಿಡಬೇಡಿ. ಬಿಪಿ ಅತಿ ಹೆಚ್ಚು ಏರುವುದು ಹೆರಿಗೆಯ 3ರಿಂದ 6ನೇ ದಿನದಲ್ಲಿ, ಅಷ್ಟರಲ್ಲಿ ಬಾಣಂತಿ ಮನೆಗೆ ಬಂದಿರುತ್ತಾಳೆ. ಮೊದಲ ಸಲ ಪ್ರಿ-ಎಕ್ಲಾಂಪ್ಸಿಯಾ ಕಾಣಿಸಿಕೊಳ್ಳುವುದೂ, ಫಿಟ್ಸ್ ಬರುವುದೂ ಆಗಲೇ ಆಗಬಹುದು. ಬಾಣಂತಿಗೆ ತಲೆನೋವು ಎಂದರೆ ನೆನೆದದ್ದಕ್ಕೆ ಶೀತವಾಯಿತು ಎಂದು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಇದ್ದಿಲ ಹೊಗೆ ಕೊಟ್ಟು ಮಲಗಿಸುವ ರೂಢಿ ಇದೆ. ಬಟ್ಟೆ ಕಟ್ಟಿ, ತಪ್ಪಿಲ್ಲ, ಅದಕ್ಕೆ ಮೊದಲು ಬಿಪಿ ನೋಡಿ. ಇದ್ದಿಲ ಹೊಗೆ ಮಾತ್ರ ಬೇಡವೇ ಬೇಡ; ಮುಚ್ಚಿದ ಕೋಣೆಯಲ್ಲಿ ಅದು ತಾಯಿ, ಮಗು ಇಬ್ಬರ ರಕ್ತದಲ್ಲೂ ಆಕ್ಸಿಜನ್ನಿನ ಜಾಗ ಹಿಡಿಯುತ್ತದೆ. ಮೊದಲ ಹತ್ತು ದಿನ ದಿನಾ, ಆಮೇಲೆ ಆರು ವಾರದವರೆಗೆ ವಾರಕ್ಕೊಮ್ಮೆ ಬಿಪಿ ಅಳೆಯಿರಿ.

ಪ್ರಿ-ಎಕ್ಲಾಂಪ್ಸಿಯಾ ಬಾರದೆ ಹೋದರೂ ಈ ಸ್ಕ್ಯಾನ್ ವರದಿಯನ್ನು ಎಸೆಯಬೇಡಿ. ಮುಂದಿನ ಬಸಿರಿನಲ್ಲಿ ಅದನ್ನು 12ನೇ ವಾರಕ್ಕೇ ಡಾಕ್ಟರ ಮುಂದಿಡಬೇಕು. ಆಗ ಆಸ್ಪಿರಿನ್‌ಗೆ ಹೊತ್ತು ಮೀರಿರುವುದಿಲ್ಲ.